ಗಾಯ ಮಾಯುತ್ತೆ, ದಾಖಲೆ ಉಳಿಯಲಿ

ಹಲಸೂರು ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದೀರಿ. ಪಕ್ಕದ ಬೀದಿಯ ಪರಿಚಯದಾಕೆ ಸೆರಗನ್ನು ಕೆನ್ನೆವರೆಗೆ ಎಳೆದುಕೊಂಡು ನಿಂತಿದ್ದಾಳೆ. "ಏನ್ರೀ ಇದು, ಇಷ್ಟೊಂದು ಊದಿದೆ?" ಅಂದರೆ ಉತ್ತರ ಸಿದ್ಧ: "ಬಾತ್‌ರೂಮಲ್ಲಿ ಜಾರಿಬಿಟ್ಟೆ ಕಣ್ರೀ." ನಿಜ ಏನೆಂದು ಆಕೆಗೂ ಗೊತ್ತು, ನಿಮಗೂ ಗೊತ್ತು. ಅರಿಶಿನ ಹಚ್ಚಿಕೊಂಡರೆ ನಾಲ್ಕು ದಿನಕ್ಕೆ ಬಾವು ಇಳಿಯುತ್ತದೆ. ಆರು ತಿಂಗಳ ಮೇಲೆ ಆಕೆ ಧೈರ್ಯ ಮಾಡಿ ಕೋರ್ಟಿನ ಮೆಟ್ಟಿಲು ಹತ್ತಿದಳು ಅನ್ನಿ. "ಹೊಡೆದಿದ್ದಕ್ಕೆ ಏನಮ್ಮ ಸಾಕ್ಷಿ?" ಎಂದರೆ ತೋರಿಸೋದಕ್ಕೆ ಏನಿದೆ?

ಇಂಥ ಕಡೆ ನೆರವಿಗೆ ಬರುವುದು ತ್ರೀಡಿ ಸ್ಕ್ಯಾನಿಂಗ್. ಗಾಯದ ಮೇಲೆ ಬೆಳಕಿನ ಪಟ್ಟೆಗಳನ್ನು ಬಿಡುತ್ತಾರೆ. ಮೈಯ ಉಬ್ಬುತಗ್ಗಿನಲ್ಲಿ ಅವು ಹೇಗೆ ಬಾಗುತ್ತವೆ ಎಂಬುದನ್ನು ಕ್ಯಾಮೆರಾ ಹಿಡಿಯುತ್ತದೆ, ಕಂಪ್ಯೂಟರ್ ಅದರಿಂದ ಗಾಯದ ಪಡಿಯಚ್ಚು ಕಟ್ಟುತ್ತದೆ. ಮೈ ಮುಟ್ಟಬೇಕಿಲ್ಲ, ನೋವೂ ಇಲ್ಲ. ಕೆನ್ನೆ, ಭುಜದಂಥ ದುಂಡಗಿನ ಜಾಗದ ಗಾಯ ಮಾಮೂಲಿ ಫೋಟೋದಲ್ಲಿ ಚಪ್ಪಟೆಯಾಗಿ ಅಳತೆ ತಪ್ಪಬಹುದು. ಈ ಅಚ್ಚನ್ನಾದರೋ ವರ್ಷಗಳ ನಂತರವೂ ತಿರುಗಿಸಿ ನೋಡಬಹುದು, ಅಳೆಯಬಹುದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರು 'ವರ್ಟಾಪ್ಸಿ' ಎಂಬ ಯೋಜನೆಯಲ್ಲಿ ಇದನ್ನು ಬೆಳೆಸಿದರು.

ದಾಖಲೆಯ ಬೆಲೆ ಏನೆಂದು ತಿಳಿಯಲು ಅಷ್ಟು ದೂರ ಹೋಗಬೇಕಿಲ್ಲ. 2012ರ ದೆಹಲಿಯ ನಿರ್ಭಯಾ ಪ್ರಕರಣ ನೆನಪಿದೆ ಅಲ್ವೇ? ಆ ಹುಡುಗಿ ಉಳಿಯಲಿಲ್ಲ. ಆದರೆ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಆಕೆಯ ಮೈಮೇಲಿನ ಕಚ್ಚಿದ ಗುರುತುಗಳ ಫೋಟೋ ತೆಗೆದಿದ್ದರು. ಅವನ್ನು ಆರೋಪಿಗಳ ಹಲ್ಲಿನ ಅಚ್ಚುಗಳೊಂದಿಗೆ ಹೋಲಿಸಿ ವರದಿ ಕೊಟ್ಟವರು ನಮ್ಮ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನ ಡಾ. ಅಶಿತ್ ಬಿ. ಆಚಾರ್ಯ! 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಕಚ್ಚಿದ ಗುರುತೊಂದನ್ನೇ ನಂಬಬಾರದು ಎನ್ನುವ ವಿಜ್ಞಾನಿಗಳೂ ಇದ್ದಾರೆ. ಅಲ್ಲಿ ಡಿಎನ್‌ಎ ಸಾಕ್ಷ್ಯವೂ ಇತ್ತು.

ಯಂತ್ರಕ್ಕೂ ಮಿತಿಯಿದೆ. ಗಾಯ ಎಷ್ಟು ದೊಡ್ಡದು, ಯಾವ ಆಕಾರದ್ದು ಅಂತ ಅದು ತೋರಿಸೀತು, ಹೊಡೆದವರು ಯಾರೆಂದು ಹೇಳದು. ಸರ್ಕಾರಿ ಆಸ್ಪತ್ರೆಗಳಿಗೆ ಇಂಥ ಸ್ಕ್ಯಾನರ್ ಬರಲಿ, ಖಂಡಿತ ಬರಲಿ. ಅದಕ್ಕೂ ಮೊದಲು ಮರೆಗೊಂದು ಪರದೆ, ತಾಳ್ಮೆಯಿಂದ ಕೇಳುವ ವೈದ್ಯರು, ಪರೀಕ್ಷೆಗೆ ಆಕೆಯ ಒಪ್ಪಿಗೆ ಇರಲೇಬೇಕು. ಹೆಣ್ಣುಮಗಳ ಮೈಯ ಚಿತ್ರ ಯಾರ ಕೈಯಲ್ಲಿ ಇರುತ್ತದೆ, ಯಾರು ನೋಡುತ್ತಾರೆ ಎಂಬುದಕ್ಕೂ ಲೆಕ್ಕ ಇರಬೇಕು. ಇಲ್ಲದಿದ್ದರೆ ಯಾರು ತಾನೇ ಒಳಗೆ ಕಾಲಿಡುತ್ತಾರೆ ಹೇಳಿ?

ಹಾಗಂತ ಯಂತ್ರ ಬರಲಿ ಅಂತ ಕಾಯಬೇಡಿ. ಪೆಟ್ಟು ಬಿದ್ದರೆ ಅಂದೇ ಹೋಗಿ. ಶಿವಾಜಿನಗರದ ಬೌರಿಂಗ್, ಇಂದಿರಾನಗರದ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ, ಯಾವುದು ಹತ್ತಿರವೋ ಅದು. ನಡೆದದ್ದನ್ನು ನಡೆದಂತೆ ಹೇಳಿ, ಎಂಎಲ್‌ಸಿ ಬರೆಯಿರಿ ಅಂತ ಕೇಳಿ. 'ಜಾರಿ ಬಿದ್ದೆ' ಅಂದರೆ ಕಾಗದದಲ್ಲೂ ಅದೇ ಉಳಿಯುತ್ತದೆ! ದೂರು ದಾಖಲಾಗಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. 2006ರಿಂದ ಜಾರಿಯಲ್ಲಿರುವ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ನಿಯಮವೇ ಹಾಗಿದೆ.

ಮೊಬೈಲಿನಲ್ಲೂ ಫೋಟೋ ತೆಗೆದಿಡಿ. ಮುಖ ಕಾಣುವಂತೆ ದೂರದಿಂದ ಒಂದು, ಗಾಯದ ಪಕ್ಕ ಸ್ಕೇಲ್ ಇಟ್ಟು ಹತ್ತಿರದಿಂದ ಒಂದು. ಕಂದಿದ ಗಾಯ ಕೆಲವೊಮ್ಮೆ ಮಾರನೇ ದಿನವೇ ಎದ್ದು ಕಾಣುವುದು, ಆಗ ಮತ್ತೊಮ್ಮೆ ತೆಗೆಯಿರಿ. ಬಣ್ಣ ತಿದ್ದುವುದು, ಕತ್ತರಿಸುವುದು ಬೇಡ. ಫೋನ್ ಒಡೆದುಹಾಕಿದರೆ? ಅಕ್ಕನಿಗೋ ಗೆಳತಿಗೋ ಒಂದು ಪ್ರತಿ ಕಳಿಸಿಡಿ, ಮೂಲ ಚಿತ್ರ ಮಾತ್ರ ಅಳಿಸಬೇಡಿ. ಲೈಂಗಿಕ ದೌರ್ಜನ್ಯವಾಗಿದ್ದರೆ ಸಾಧ್ಯವಾದಷ್ಟೂ ಸ್ನಾನಕ್ಕೆ ಮೊದಲೇ ಆಸ್ಪತ್ರೆಗೆ ಹೋಗಿ. ಬಟ್ಟೆ ಒಗೆಯದೆ ಕಾಗದದ ಚೀಲದಲ್ಲಿಡಿ, ಪ್ಲಾಸ್ಟಿಕ್‌ನಲ್ಲಿ ಬೂಸ್ಟು ಹಿಡಿಯುತ್ತದೆ. ಸ್ನಾನ ಆಗಿಹೋಗಿದ್ದರೂ ಪರವಾಗಿಲ್ಲ, ಹೋಗಿ. ಸಹಾಯಕ್ಕೆ 181, ತುರ್ತಿಗೆ 112.

ದಾಖಲೆ ಮಾಡಿಸಿದ ಮಾತ್ರಕ್ಕೆ ನಾಳೆಯೇ ಕೇಸ್ ಹಾಕಬೇಕೆಂದಿಲ್ಲ. ಸಂಸಾರ ಉಳಿಸಿಕೊಳ್ಳುವುದೋ, ಹೊರಗೆ ಬರುವುದೋ ನಿಧಾನವಾಗಿ ಯೋಚಿಸಿ. ಅಲ್ಲಿಯವರೆಗೆ ಆ ಕಾಗದ ನಿಮ್ಮ ಪರವಾಗಿ ಇರುತ್ತದೆ. ನಾಳೆ ಮಾರ್ಕೆಟ್ಟಿನಲ್ಲಿ ಆಕೆ ಮತ್ತೆ ಸಿಕ್ಕರೆ, "ಹೌದಾ, ಹುಷಾರು ಕಣ್ರೀ" ಅಂತ ಮುಂದೆ ಹೋಗಬೇಡಿ. "ನಡೀರಿ, ನಾನೂ ಜೊತೆಗೆ ಬರ್ತೀನಿ" ಅನ್ನಿ. ಆಕೆ ಕಾಯುತ್ತಿರುವುದು ಬಹುಶಃ ಆ ಒಂದು ಮಾತಿಗೆ.