ಹೆಸರು ಮೊದಲು, ಔಷಧಿ ಆಮೇಲೆ



ತಿಕೋಟಾ, ಬಬಲೇಶ್ವರದ ದ್ರಾಕ್ಷಿಗೂ ನಮ್ಮ ಕಾಫಿಗೂ ಹಿಟ್ಟು ತಿಗಣೆಯ ಕಾಟವುಂಟು. ದ್ರಾಕ್ಷಿಯಲ್ಲಿ ಹೆಚ್ಚಾಗಿ ಕಾಣುವುದು ಗುಲಾಬಿ ಬಣ್ಣದ ಜಾತಿ, ಕಾಫಿಯದು ಬೇರೆ. ಅಡಿಕೆಯ ಸುಳಿ ತಿಗಣೆಯೂ ಇದೇ ರಸ ಹೀರುವ ಹೆಮಿಪ್ಟೆರಾ ಗಣದ್ದು. ಜಗತ್ತಿನಾದ್ಯಂತ ಈ ಗಣದ 80,000ಕ್ಕೂ ಹೆಚ್ಚು ಜಾತಿಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ.

ಹೆಸರಿನಿಂದ ರೈತನಿಗೇನು ಬಂತು ಎನ್ನಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡ ಪಪ್ಪಾಯಿ ಹಿಟ್ಟು ತಿಗಣೆಯ ಜಾತಿಯೂ ತವರೂ ಖಚಿತವಾದ್ದರಿಂದಲೇ 2010ರಲ್ಲಿ ತಕ್ಕ ಪರಾವಲಂಬಿ ಕಣಜಗಳನ್ನು ಹೊರದೇಶದಿಂದ ತರಿಸಿ ಹತೋಟಿ ಸಾಧ್ಯವಾಯಿತು. ಗುರುತಿಲ್ಲದೆ ಹೊಡೆದ ಔಷಧಿ ಇಂಥ ಮಿತ್ರ ಕೀಟಗಳನ್ನೇ ಕೊಲ್ಲುತ್ತದೆ, ಕೈಗಂಟೂ ಕರಗುತ್ತದೆ.

ಆದ್ದರಿಂದ ಹುಳು ಸಮೇತ ರೆಂಬೆಯನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು, ಹೆಸರು ತಿಳಿದ ಮೇಲೆಯೇ ಔಷಧಿ ಕೊಳ್ಳಿರಿ. ಕೀಟ ಗುರುತಿಸುವ ತಜ್ಞರ ಹುದ್ದೆಗಳನ್ನು ಸರಕಾರ ಖಾಲಿ ಬಿಡಬಾರದು.

— ಕಾರ್ಯದರ್ಶಿ