ಮಾಳಿಗೆಯ ತೊಲೆ ಯಾವ ಕಾಡಿನದು?

ಕರಾವಳಿಯ ಮಂಗಳೂರಲ್ಲ, ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಮಂಗಳೂರು. ಆ ಬಯಲಿನ ಊರುಗಳಲ್ಲಿ ಅಳಿದುಳಿದಿರುವ ಮೇಲ್ಮುದ್ದೆಯ ಮನೆಗಳನ್ನು ಗಮನಿಸಿದವರಿಗೆ ಮರದ ಆಯ್ಕೆ ಎಂದರೇನೆಂಬುದು ಅರಿವಾದೀತು. ಕಲ್ಲು-ಮಣ್ಣಿನ ದಪ್ಪ ಗೋಡೆ. ಒಳಗೆ ಕಂಬ, ಕಂಬದ ಮೇಲೆ ಬೋದಿಗೆ, ಅದರ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ. ಎಲ್ಲಕ್ಕೂ ಮೇಲೆ ಮಣ್ಣಿನ ಹಾಸು. ಕೊನೆಯ ಪದರ ಸವಳು ಮಣ್ಣಿನದು. ಸೋಡಿಯಂ ಅಂಶ ಹೆಚ್ಚಿರುವ ಈ ಮಣ್ಣು ನೀರು ಬಿದ್ದೊಡನೆ ಕದಡಿ, ತನ್ನ ಸೂಕ್ಷ್ಮ ರಂಧ್ರಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಹೊಲದಲ್ಲಿ ಬೆಳೆಗೆ ಶಾಪವಾದ ಗುಣವೇ ಮಾಳಿಗೆಗೆ ವರ. ಒಂದಡಿ ದಪ್ಪದ ಇಂಥ ಹಾಸು ಚದರ ಮೀಟರಿಗೆ ನಾಲ್ಕೈದು ಕ್ವಿಂಟಲ್ ತೂಗುತ್ತದೆ. ಅದನ್ನು ತಲೆಮಾರುಗಳ ಕಾಲ ಹೊರಲು ಗಟ್ಟಿ ಮರವೇ ಬೇಕು. ಸಾಮಾನ್ಯರಿಗೆ ಹೊಲದ ಬದುವಿನ ಬೇವು, ಕರಿಜಾಲಿಗಳು ಒದಗಿದವು. ಉಳ್ಳವರ ವಾಡೆಗಳಿಗೆ ದೂರದ ಕಾಡಿನ ತೇಗ ಬಂದಿತು.

ಈಗ ಮಾಳಿಗೆಯ ಜಾಗಕ್ಕೆ ಕಾಂಕ್ರೀಟು ಬಂದಿದೆ. ಮರದ ಕೆಲಸ ಬಾಗಿಲು, ಕಿಟಕಿಗಳಿಗೆ ಇಳಿದಿದೆ. ಆದರೂ ತೇಗದ ಮೋಹ ಮಾತ್ರ ಇಳಿದಿಲ್ಲ. ಮಲೆನಾಡಿನದು ಸಾಲದೆ ಹೊರದೇಶಗಳ ದಿಮ್ಮಿಯನ್ನು ತರಿಸಲಾಗುತ್ತಿದೆ. ತನ್ನ ಕಾಡು ಬರಿದಾಗುತ್ತಿರುವುದನ್ನು ಕಂಡು ಮ್ಯಾನ್ಮಾರ್ 2014ರಲ್ಲಿ ದಿಮ್ಮಿಗಳ ರಫ್ತನ್ನೇ ನಿಷೇಧಿಸಬೇಕಾಯಿತು. ಬಯಲಿನ ತಲೆಬಾಗಿಲಿಗೂ ಬೆಟ್ಟದ ಬೋಳುತನಕ್ಕೂ ಇರುವ ನಂಟನ್ನು ಗುಡ್ಡಗಾಡಿನ ಓದುಗರಿಗೆ ವಿವರಿಸಬೇಕಿಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು ಆ ನಂಟನ್ನು ಅರಿತೇ.

ಹಾಗಾದರೆ ಬೇಗ ಬೆಳೆಯುವ ಮರವನ್ನು ನೆಟ್ಟರಾಯಿತೇ? ಈ ಸುಲಭ ಉತ್ತರಕ್ಕೆ 1987ರ ನವೆಂಬರ್ 14ರಂದು ಕುಸನೂರಿನ ರೈತರು ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹದಿಂದ ಪ್ರತಿಕ್ರಿಯಿಸಿದರು. ಊರಿನ ಸಾಮೂಹಿಕ ಭೂಮಿಯಲ್ಲಿ ಕಾರ್ಖಾನೆಗಾಗಿ ನೆಟ್ಟ ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟರು. ಮರ ಮತ್ತೆ ಚಿಗುರುತ್ತದೆಯೇ ಎಂಬುದಷ್ಟೇ ಪ್ರಶ್ನೆಯಲ್ಲ. ಯಾರ ನೆಲದಲ್ಲಿ, ಯಾರ ನೀರು ಕುಡಿದು, ಯಾರಿಗಾಗಿ ಎಂಬುದೂ ಪ್ರಶ್ನೆಯೇ. ಮೇಲಾಗಿ, ಅವಸರದಲ್ಲಿ ಬೆಳೆಸಿ ಎಳೆಯದರಲ್ಲೇ ಕಡಿದ ತೇಗದಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿಮರವೇ ಹೆಚ್ಚು. ಗೆದ್ದಲಿಗೆ ಅದು ಹಬ್ಬದೂಟ. ಹೆಸರಿಗೆ ತೇಗ, ಬಾಳಿಕೆಗಲ್ಲ!

ಮರವನ್ನು ಜಾತಿಯಿಂದಲ್ಲ, ಕೆಲಸದಿಂದ ಅಳೆಯಬೇಕು. ಅದೇ ಜಿಲ್ಲೆಯ ಕಿನ್ನಾಳದ ಕುಶಲಕರ್ಮಿಗಳು ಗೊಂಬೆಗೆ ಹಗುರ ಮರವನ್ನೇ ಆರಿಸುತ್ತಾರೆ. ಅಲ್ಲಿ ತೇಗಕ್ಕೆ ಸ್ಥಾನವಿಲ್ಲ. ಮಳೆಗೆ ಒಡ್ಡಿಕೊಳ್ಳುವ ಹೊರಬಾಗಿಲಿಗೆ ಬಲಿತ ಚೇಗು ಅಗತ್ಯ. ಒಳಬಾಗಿಲು, ಕಪಾಟುಗಳಿಗೆ ಬದುವಿನ ಬೇವು ಸಾಕು. ಬಿದಿರನ್ನೂ ಮೆದು ಮರಗಳನ್ನೂ ಬೋರಾಕ್ಸ್-ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ ಹುಳು ಹತ್ತುವುದಿಲ್ಲ; ಆದರೆ ಈ ಲವಣಗಳು ಮಳೆಯಲ್ಲಿ ತೊಳೆದುಹೋಗುವುದರಿಂದ ಅಂಥ ಮರ ಸೂರಿನಡಿಯಲ್ಲೇ ಇರಬೇಕು. ಕಾಡಿನ ಹೊರಗೆ ಬೆಳೆದ ಬಿದಿರನ್ನು 2017ರ ಕಾನೂನು ತಿದ್ದುಪಡಿ ‘ಮರ’ದ ವ್ಯಾಖ್ಯೆಯಿಂದ ಕೈಬಿಟ್ಟದ್ದರಿಂದ ರೈತನ ಒಂದು ತೊಡಕು ನೀಗಿದೆ. ಬಯಲನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯೂ ಬರೀ ಉರುವಲಲ್ಲ. ಅದರ ಮರ ಗಟ್ಟಿ. ಒಣಗಿದಾಗ ಕುಗ್ಗುವುದು ಕಡಿಮೆ. ಡೊಂಕು ಕಾಂಡದಿಂದ ತೊಲೆ ಬಾರದು, ನಿಜ. ನೆಲಹಾಸಿನ ತುಂಡು, ಹಿಡಿಕೆ, ಕಿಟಕಿಯ ಸರಳುಗಳಿಗೆ ಅಡ್ಡಿಯಿಲ್ಲ. ಕಡಿದಷ್ಟೂ ಊರಿಗೆ ಲಾಭವಾಗುವ ಮರ ಬಹುಶಃ ಇದೊಂದೇ.

ಇವೆಲ್ಲಕ್ಕಿಂತ ಮೊದಲು ಲೆಕ್ಕಕ್ಕೆ ಬರಬೇಕಾದದ್ದು ಈಗಾಗಲೇ ಕಡಿದಿರುವ ಮರ. ಹಳೆಯ ಮಾಳಿಗೆಯನ್ನು ಕೆಡವಿದಾಗ ಸಿಗುವ ತೊಲೆ ದಶಕಗಳ ಕಾಲ ಒಣಗಿ ಹದಗೊಂಡ ಸರಕು. ಹೊಸ ದಿಮ್ಮಿಯಂತೆ ಅದು ಸೊಟ್ಟಗಾಗುವುದಿಲ್ಲ. ಗೋಡೆಯೊಳಗೆ ಹೂತಿದ್ದ ತುದಿಗಳಲ್ಲಿ ಗೆದ್ದಲು ಹಿಡಿದಿದ್ದರೆ ಅಷ್ಟನ್ನು ಕತ್ತರಿಸಿದರೆ ಆಯಿತು. ಆದರೆ ಜೆಸಿಬಿಯ ಅವಸರದಲ್ಲಿ ಇದೇ ತೊಲೆ ಸೀಳಿಹೋಗುತ್ತದೆ, ಇಲ್ಲವೇ ಸೌದೆಯ ಬೆಲೆಗೆ ಮಾರಾಟವಾಗುತ್ತದೆ. ಮನೆ ಕೆಡವುವವರು ಮೊದಲು ಊರಿನ ಬಡಿಗನನ್ನು ಕರೆಸಿ ತೊಲೆ, ಜಂತೆ, ಕಂಬಗಳನ್ನು ಅಳೆಯಿಸಿ ಪಟ್ಟಿ ಮಾಡಿಸಲಿ. ಹೊಸ ಮನೆಯ ನಕ್ಷೆ ಬರೆಯುವವರ ಕೈಗೆ ಆ ಪಟ್ಟಿಯನ್ನು ಕೊಡಲಿ. ಬಾಗಿಲ ಚೌಕಟ್ಟಿನ ಅಳತೆ ಆಮೇಲೆ ನಿರ್ಧಾರವಾಗಲಿ.