ವ್ಯಾಪಾರದ ಪಾಠ ಮತ್ತು ವ್ಯಾಪಾರದ ನಿಯಮ

ಇಂಗ್ಲೆಂಡಿನ ಬಟ್ಟೆ, ಪೋರ್ಚುಗಲ್ಲಿನ ವೈನ್: ಡೇವಿಡ್ ರಿಕಾರ್ಡೊ 1817ರಲ್ಲಿ ಕೊಟ್ಟ ಈ ಉದಾಹರಣೆಯಿಂದಲೇ ಅಂತರರಾಷ್ಟ್ರೀಯ ವ್ಯಾಪಾರದ ಪಾಠ ಇಂದಿಗೂ ಆರಂಭವಾಗುತ್ತದೆ. ನಮ್ಮ ಅನೇಕ ಎಂ.ಎ. ತರಗತಿಗಳಲ್ಲಿ ಅದು ಅಲ್ಲಿಂದ ಹೆಚ್ಚು ಮುಂದೆ ಸಾಗುವುದೂ ಇಲ್ಲ. ಸಿದ್ಧಾಂತ ಅಗತ್ಯ, ಆದರೆ ಸುಂಕದ ಪಟ್ಟಿಯನ್ನು, ಒಪ್ಪಂದದ ಕರಡನ್ನು ಓದಬಲ್ಲ ಪದವೀಧರರೂ ಅಷ್ಟೇ ಅಗತ್ಯ.

ಇದು ಕೇವಲ ಪಠ್ಯಕ್ರಮದ ಪ್ರಶ್ನೆಯಲ್ಲ. 1995ರಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದವನ್ನೇ ಗಮನಿಸಿ. ಬೆಂಬಲ ಬೆಲೆಯಲ್ಲಿರುವ ಸಬ್ಸಿಡಿಯನ್ನು ಅಳೆಯಲು ಅದು 1986–88ರ ಬೆಲೆಗಳನ್ನು ಆಧಾರವಾಗಿಸಿಕೊಂಡಿದೆ. ಹಣದುಬ್ಬರಕ್ಕೆ ತಕ್ಕಂತೆ ಬೆಂಬಲ ಬೆಲೆ ಏರಿದಾಗ, ರೈತನಿಗೆ ವಾಸ್ತವದಲ್ಲಿ ಹೆಚ್ಚೇನೂ ದಕ್ಕದಿದ್ದರೂ ಕಾಗದದ ಮೇಲೆ ಸಬ್ಸಿಡಿ ಉಬ್ಬುತ್ತದೆ. 2013ರ ಬಾಲಿ ಸಮ್ಮೇಳನ ಆಹಾರ ದಾಸ್ತಾನಿಗೆ ತಾತ್ಕಾಲಿಕ ರಕ್ಷಣೆಯನ್ನಷ್ಟೇ ಒದಗಿಸಿತು. ದಶಕ ಕಳೆದರೂ ಶಾಶ್ವತ ಪರಿಹಾರ ದೊರೆಯಲಿಲ್ಲ. ಒಪ್ಪಂದದ ಇಂತಹ ಒಂದು ಸಾಲಿನ ಪರಿಣಾಮವನ್ನು ಸಹಿ ಬೀಳುವ ಮುನ್ನವೇ ಲೆಕ್ಕ ಹಾಕಿ ಎಚ್ಚರಿಸಬೇಕಾದವರು ಯಾರು? ವಿಶ್ವವಿದ್ಯಾಲಯಗಳಲ್ಲವೇ?

ಈ ಕೊರತೆ ಭಾರತಕ್ಕಷ್ಟೇ ಸೀಮಿತವಲ್ಲ. ಅಭಿವೃದ್ಧಿಶೀಲ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ವ್ಯಾಪಾರದ ಬೋಧನೆ, ಸಂಶೋಧನೆಗಳನ್ನು ಬಲಪಡಿಸಲು ವಿಶ್ವಸಂಸ್ಥೆಯ ಅಂಕ್ಟಾಡ್ 2004ರಲ್ಲಿ ಒಂದು ಜಾಲವನ್ನು, ವಿಶ್ವ ವ್ಯಾಪಾರ ಸಂಸ್ಥೆ 2010ರಲ್ಲಿ ಅಧ್ಯಯನ ಪೀಠಗಳ ಯೋಜನೆಯನ್ನು ಆರಂಭಿಸಿದವು. ಸ್ವಾಗತಾರ್ಹವೇ. ಆದರೆ ನಿಯಮಗಳು ರೂಪುಗೊಳ್ಳುವ ಜಿನೀವಾದಿಂದಲೇ ಪಾಠವೂ ಬಂದರೆ, ಆ ನಿಯಮಗಳನ್ನು ಪ್ರಶ್ನಿಸುವವರು ಯಾರು?

ಆಸಿಯಾನ್ ದೇಶಗಳೊಂದಿಗಿನ ಮುಕ್ತ ವ್ಯಾಪಾರ ಒಪ್ಪಂದ 2010ರ ಜನವರಿಯಲ್ಲಿ ಜಾರಿಗೆ ಬಂತು. ಕೊಡಗು, ಚಿಕ್ಕಮಗಳೂರಿನ ಕಾಳುಮೆಣಸಿನ ಬೆಲೆಯ ಮೇಲೆ ಅದರ ಪರಿಣಾಮವೇನು? ನಮ್ಮ ಅರ್ಥಶಾಸ್ತ್ರ ವಿಭಾಗಗಳ ಸಂಶೋಧನೆ ಇಂತಹ ಪ್ರಶ್ನೆಯಿಂದ ಮೊದಲಾಗಲಿ. ಉತ್ತರ ಪಡೆಯುವ ಹಕ್ಕು ಬೆಳೆಗಾರನಿಗಿದೆ.